ತೊಟ್ಟಿಯೊಳಗೊಂದು ಹೊಳೆ: ಮೊದಲು ಹರಿವು, ಆಮೇಲೆ ಮೀನು

ಹೊಳೆಯಂಥ ಅಕ್ವೇರಿಯಂ ಮಾಡಬೇಕು ಅಂದವರು ಮೊದಲು ಮೀನು ತರುತ್ತಾರೆ, ಆಮೇಲೆ ಗಿಡ, ಎಲ್ಲ ಆದ ಮೇಲೆ ಪಂಪು. ಕೆಲಸ ಕೆಡುವುದು ಇಲ್ಲೇ. ನೀರು ಯಾವ ತುದಿಯಿಂದ ಹೊರಟು ಯಾವ ತುದಿಗೆ ಹೋಗಬೇಕು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಕಲ್ಲು ಎಲ್ಲಿ, ಗಿಡ ಎಲ್ಲಿ ಅನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ.

ತೊಟ್ಟಿ ಎತ್ತರಕ್ಕಿಂತ ಉದ್ದ ಹೆಚ್ಚಿರಲಿ. 3 ಅಡಿ ಉದ್ದ, 15 ಇಂಚು ಅಗಲ, 18 ಇಂಚು ಎತ್ತರದ್ದು ಸಾಮಾನ್ಯ ಮನೆಗೆ ಹೊಂದುತ್ತದೆ. ಗಾಜು 8 ಮಿ.ಮೀ. ಇರಲಿ. ಕಲ್ಲು, ಮರಳು ಹಾಕಿದ ಮೇಲೆ ಸುಮಾರು 120 ಲೀಟರ್ ನೀರು ಹಿಡಿಯುತ್ತದೆ, ಒಟ್ಟು ತೂಕ 200 ಕೆ.ಜಿ. ಹತ್ತಿರ ಬರುತ್ತದೆ. ಹಾಗಾಗಿ ಟಿ.ವಿ. ಸ್ಟ್ಯಾಂಡು, ಪುಸ್ತಕದ ಕಪಾಟು ಯಾವುದೂ ಬೇಡ. ಕಬ್ಬಿಣದ ಸ್ಟ್ಯಾಂಡು ಮಾಡಿಸಿ, ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮೋಕೋಲ್ ಹಾಸಿ, ಗಾರೆಯವರ ಮಟ್ಟಗೋಲು ಇಟ್ಟು ನೋಡಿ. ಒಂದು ಮೂಲೆ ತಗ್ಗಿದ್ದರೂ ತೂಕವೆಲ್ಲ ಅತ್ತ ಬಿದ್ದು ಗಾಜು ಸೀಳುವ ಅಪಾಯವಿದೆ. ನೇರ ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಲೇಬೇಡಿ.

ಈಗ ಹರಿವಿನ ವಿಷಯ. ಮುಕ್ಕಾಲು ಇಂಚಿನ ಪಿವಿಸಿ ಪೈಪು ಎರಡು ತುಂಡು ತಗೊಂಡು ತಳದಲ್ಲಿ ಉದ್ದಕ್ಕೆ ಮಲಗಿಸಿ. ಒಂದು ತುದಿಯಲ್ಲಿ ಎಲ್ಬೋ ಹಾಕಿ ಮೇಲಕ್ಕೆ ತಂದು, ಪ್ರತಿ ಪೈಪಿಗೂ ಗಂಟೆಗೆ 600 ಲೀಟರಿನ ಒಂದು ಮುಳುಗು ಪಂಪು ಕೂರಿಸಿ. ಪಂಪಿನ ಹೀರುವ ಬಾಯಿ ಪೈಪಿಗೆ ಸೇರಬೇಕು, ನೀರು ಉಗುಳುವ ಬಾಯಿ ತೊಟ್ಟಿಯ ಇನ್ನೊಂದು ತುದಿಯತ್ತ ಮುಖ ಮಾಡಿರಬೇಕು. ಇನ್ನೊಂದು ತುದಿಯಲ್ಲೂ ಹಾಗೇ ಮೇಲಕ್ಕೆ ತಂದು, ಪೈಪಿನ ಬಾಯಿಗೆ ದೊಡ್ಡ ರಂಧ್ರದ ಸ್ಪಂಜು ತೊಡಿಸಿ. ಆಗ ಮರಳಿನ ಮೇಲೆ ನೀರು ಒಂದೇ ದಿಕ್ಕಿಗೆ ಹರಿದು, ಪೈಪಿನ ಒಳಗಿಂದ ತಿರುಗಿ ಬರುತ್ತದೆ. ಗಂಟೆಗೆ ತೊಟ್ಟಿಯ ನೀರಿನ ಹತ್ತು ಪಟ್ಟು ಓಡಿದರೆ ಸಾಕು. ಪೈಪಿನ ಜೋಡಣೆಗೆ ಅಂಟು ಬೇಡ. ಬಿಗಿಯಾಗಿ ಒತ್ತಿದರೆ ನಿಲ್ಲುತ್ತದೆ, ನೀರೊಳಗೇ ಇರುವುದರಿಂದ ಸ್ವಲ್ಪ ಜಿನುಗಿದರೂ ನಷ್ಟವಿಲ್ಲ, ಬಿಚ್ಚಿ ತೊಳೆಯುವುದೂ ಸುಲಭ. ಪಂಪಿನ ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲಕ್ಕೆ ಹೋಗುವಂತಿರಲಿ. ವೈರಿನ ಮೇಲೆ ಇಳಿದ ನೀರು ಸ್ವಿಚ್‌ಬೋರ್ಡಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ.

ಮರಳು ಎರಡು ಇಂಚು ದಪ್ಪಕ್ಕೆ 25ರಿಂದ 28 ಕೆ.ಜಿ. ಬೇಕು. ಎಂ-ಸ್ಯಾಂಡ್ ಚೂಪು, ತಳ ಕೆದಕುವ ಮೀನಿನ ಬಾಯಿಗೆ ಒಳ್ಳೆಯದಲ್ಲ. 1ರಿಂದ 2 ಮಿ.ಮೀ. ಕಾಳಿನ ಹೊಳೆಮರಳೇ ಆಗಲಿ. ಬಕೆಟ್ಟಿಗೆ ಕಾಲು ಭಾಗ ಮರಳು ಹಾಕಿ, ಪೈಪಿನಿಂದ ನೀರು ಬಿಟ್ಟು, ಅಕ್ಕಿ ತೊಳೆದ ಹಾಗೆ ಕೈಯಾಡಿಸಿ ಬಸಿಯಿರಿ. ಹತ್ತು ಸಲವಾದರೂ ಆಗಬೇಕು, ಬೇಸರ ಮಾಡಿಕೊಂಡು ಐದಕ್ಕೆ ನಿಲ್ಲಿಸಿದರೆ ವಾರಗಟ್ಟಲೆ ಕದಡಿದ ನೀರನ್ನೇ ನೋಡುತ್ತ ಕೂರಬೇಕಾಗುತ್ತದೆ. ಗುಂಡುಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಸಣ್ಣ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದಂಶವಿದೆ, ನೀರನ್ನು ಗಡಸು ಮಾಡುತ್ತದೆ. ಅಮೃತಶಿಲೆ, ಕಪ್ಪೆಚಿಪ್ಪು ಕೂಡ ಇದೇ ಕಾರಣಕ್ಕೆ ಬೇಡ. ದೊಡ್ಡ ಕಲ್ಲನ್ನು ಮರಳಿನ ಮೇಲಿಡಬೇಡಿ, ಮರಳು ಸುರಿಯುವ ಮೊದಲೇ ತಳದಲ್ಲಿ ಥರ್ಮೋಕೋಲ್ ಚೂರಿನ ಮೇಲೆ ಕೂರಿಸಿ. ಮರದ ತುಂಡು ಹಾಕುವುದಿದ್ದರೆ ಎರಡು ವಾರ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ. ಚಹಾದ ಬಣ್ಣ ಬಿಡುವುದು ಸಹಜ.

ಪಂಪಿನ ಎದುರಿಗೆ ಅನುಬಿಯಾಸ್, ಜಾವಾ ಫರ್ನ್. ಈ ಗಿಡಗಳು ಸೆಳೆತಕ್ಕೆ ಜಗ್ಗುವುದಿಲ್ಲ. ಇವುಗಳ ಗೆಡ್ಡೆ ಶುಂಠಿಯಂತೆ ಅಡ್ಡಕ್ಕೆ ಬೆಳೆಯುತ್ತದೆ, ಅದನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ. ಹತ್ತಿಯ ದಾರದಿಂದ ಕಲ್ಲಿಗೆ ಕಟ್ಟಿ. ದಾರ ಕರಗುವ ಹೊತ್ತಿಗೆ ಬೇರು ಕಲ್ಲನ್ನು ಹಿಡಿದಿರುತ್ತದೆ. ಸ್ಪಂಜಿನ ತುದಿಯಲ್ಲಿ, ಕಲ್ಲಿನ ಮರೆಗೆ ವ್ಯಾಲಿಸ್ನೇರಿಯಾ ಮತ್ತು ಪಶ್ಚಿಮ ಘಟ್ಟದ ಹಳ್ಳಗಳದ್ದೇ ಆದ ಕ್ರಿಪ್ಟೋಕೊರೈನ್ ಸ್ಪೈರಾಲಿಸ್ ನೆಡಿ. ಕ್ರಿಪ್ಟೋಕೊರೈನ್ ನೆಟ್ಟ ವಾರದಲ್ಲಿ ಎಲೆಯೆಲ್ಲ ಲೋಳೆಯಾಗಿ ಕರಗಬಹುದು. ಗಿಡ ಸತ್ತಿತೆಂದು ಕಿತ್ತೆಸೆಯಬೇಡಿ, ಬೇರು ಬದುಕಿದ್ದರೆ ಮೂರು ನಾಲ್ಕು ವಾರಕ್ಕೆ ಹೊಸ ಸುಳಿ ಬರುತ್ತದೆ. ಲೈಟಿಗೆ ಟೈಮರ್ ಹಾಕಿ ದಿನಕ್ಕೆ 6 ಗಂಟೆಯಿಂದ ಶುರುಮಾಡಿ. ಗಿಡ ಬೇರು ಬಿಡುವ ಮುಂಚೆ 10 ಗಂಟೆ ಉರಿಸಿದರೆ ಪಾಚಿಯೇ ಗೆಲ್ಲುತ್ತದೆ.

ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಆಂಟಿ-ಕ್ಲೋರಿನ್ ಹನಿಯನ್ನು ಬಾಟಲಿಯಲ್ಲಿ ಬರೆದ ಅಳತೆಗೇ ಹಾಕಿ. ನೀರು ತುಂಬಿ ಪಂಪು ಓಡುತ್ತಿದ್ದರೂ ಮೀನು ಬಿಡುವ ಹೊತ್ತು ಇನ್ನೂ ಬಂದಿಲ್ಲ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಹಾಗೇ ಓಡಿಸಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ, ನೈಟ್ರೇಟ್ ಮಾತ್ರ ಕಾಣಿಸಿದ ಮೇಲೆ ಮೀನು ತನ್ನಿ. ಹೊಸ ತೊಟ್ಟಿಯ ಮೀನು ಮೊದಲ ಹದಿನೈದು ದಿನದಲ್ಲೇ ಸಾಯುವುದು ಬಹುಪಾಲು ಈ ಕಾಯುವಿಕೆ ತಪ್ಪಿಸಿದ್ದರಿಂದ.

ಮೊದಲು ಎಂಟು ಜೀಬ್ರಾ ಡ್ಯಾನಿಯೊ, ಮೂರು ವಾರ ಬಿಟ್ಟು ಆರು ಮೆಲನ್ ಬಾರ್ಬ್. ಎರಡೂ ಹರಿವಿಗೆ ಎದುರಾಗಿ ಈಜುವ ಜಾತಿ, ಎರಡೂ ಹಾರುತ್ತವೆ, ಆದ್ದರಿಂದ ಮುಚ್ಚಳ ಬೇಕೇ ಬೇಕು. ಮಿಸ್ ಕೇರಳ ಅನ್ನುವ ಕೆಂಪು ಗೀರಿನ ಮೀನಿಗೆ ಆಸೆಪಡಬೇಡಿ. ಅದು 15 ಸೆಂ.ಮೀ. ಬೆಳೆಯುತ್ತದೆ, ಈ ತೊಟ್ಟಿ ಸಾಲದು. ಹೊಳೆಗಳಲ್ಲಿ ಅದರ ಸಂತತಿಯೇ ಅಳಿವಿನಂಚಿಗೆ ಬಂದಿದೆ. ಬೆಟ್ಟಾ, ಗೋಲ್ಡ್‌ಫಿಶ್ ಈ ಸೆಳೆತದಲ್ಲಿ ಸೋತುಹೋಗುತ್ತವೆ. ಗಾಜು ಚೊಕ್ಕ ಮಾಡುತ್ತದೆ ಎಂದು ಅಂಗಡಿಯವರು ಕೊಡುವ ಸಕ್ಕರ್ ಮೀನು ಒಂದು ಅಡಿ ದಾಟುತ್ತದೆ. ಆಗ ಅದನ್ನು ಕೆರೆಗೆ ಬಿಟ್ಟವರಿಂದಲೇ ಎಷ್ಟೋ ಕೆರೆಗಳಲ್ಲಿ ನಾಡಮೀನಿಗೆ ಜಾಗವಿಲ್ಲದಂತಾಗಿದೆ. ತರಲೇಬೇಡಿ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ, ಒಂದು ವಾರ ಒಂದು, ಮರುವಾರ ಇನ್ನೊಂದು.

ಬೇಸಿಗೆಯಲ್ಲಿ ಎಚ್ಚರ ಹೆಚ್ಚಬೇಕು. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ನೀರಿನ ಮೇಲ್ಮೈಗೆ ಗಾಳಿ ತಾಗುವಂತೆ ಸಣ್ಣ ಫ್ಯಾನ್ ಇಟ್ಟರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ. ಅಷ್ಟು ಹೊತ್ತು ಮುಚ್ಚಳದ ಜಾಗದಲ್ಲಿ ಸೊಳ್ಳೆಪರದೆ ಬಿಗಿದು ಕಟ್ಟಿ. ಕರೆಂಟು ಹೋದಾಗ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಉಸಿರು ಸಾಲುತ್ತಿಲ್ಲ ಎಂದರ್ಥ. ಸೆಲ್ಲಿನ ಏರ್ ಪಂಪು ಮನೆಯಲ್ಲಿರಲಿ. ಅದು ಇಲ್ಲದಿದ್ದರೆ ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತಿ ಎತ್ತಿ ಮೇಲಿಂದ ಸುರಿಯಿರಿ, ಕರೆಂಟು ಬರುವವರೆಗೆ ಹತ್ತು ನಿಮಿಷಕ್ಕೊಮ್ಮೆ.