ಹಳೇ ಬಾಟಲಿ ಡೇಟಾದಿಂದ ಕಡಲಿನ ಉಪ್ಪಿನ ಟ್ರೆಂಡ್: ನನ್ನ ಅನುಭವ

ಹಡಗಿನವರು ತುಂಬಿಟ್ಟ ಬಾಟಲಿಗಳ ಹಳೇ ಅಳತೆ ಮತ್ತು ಆರ್ಗೋ ಫ್ಲೋಟ್ (ಕಡಲಲ್ಲಿ ತೇಲುತ್ತಾ, ಮುಳುಗಿ ಏಳುತ್ತಾ ತಾನೇ ಅಳೆಯುವ ಯಂತ್ರ), ಇವೆರಡರಿಂದಲೇ ಕಡಲ ಮೇಲ್ಮೈ ಉಪ್ಪಿನಂಶದ 50 ವರ್ಷದ ಟ್ರೆಂಡ್ ತೆಗೆಯುತ್ತೇನೆ ಅಂದಾಗ ಜೊತೆಯವರು ನಕ್ಕರು. ಇರುವ ಬದಲಾವಣೆಯೇ ಬಹುತೇಕ ಕಡೆ ಒಂದು ಕಿಲೋ ನೀರಿಗೆ 0.1, 0.2 ಗ್ರಾಂ ಉಪ್ಪಿನ ಆಸುಪಾಸು. ಅದು ಅಳತೆಯ ಗದ್ದಲದಲ್ಲೇ ಮುಳುಗಿಹೋಗುತ್ತೆ ಅನ್ನೋದು ಅವರ ವಾದ.

ಮೊದಲು ರೆಡಿಮೇಡ್ ಗ್ರಿಡ್ ಮ್ಯಾಪ್ (ಕಡಲನ್ನು ಚೌಕಗಳಾಗಿ ಹಂಚಿ ಅಳತೆ ತುಂಬಿದ ನಕ್ಷೆ) ಹಿಡಿದೆ. ಟ್ರೆಂಡ್ ತೀರಾ ದುರ್ಬಲವಾಗಿ ಕಂಡಿತು. ದಕ್ಷಿಣ ಗೋಳಾರ್ಧದಲ್ಲಿ ಹಳೇ ಅಳತೆಗಳೇ ಕಮ್ಮಿ, ಖಾಲಿ ಜಾಗಕ್ಕೆ ಮ್ಯಾಪ್ ಸುಮ್ನೆ ಸರಾಸರಿ ತುಂಬಿಬಿಡುತ್ತೆ. ಹಾಗಾಗಿ ಕಚ್ಚಾ ಪ್ರೊಫೈಲ್‌ಗಳಿಗೇ, ಅಂದರೆ ಒಂದೊಂದು ಜಾಗದಲ್ಲಿ ಮೇಲಿಂದ ಆಳದವರೆಗೆ ತೆಗೆದ ಅಳತೆಗಳಿಗೇ ಇಳಿದೆ. ಋತು, ಎಲ್ ನಿನೊ, ಟ್ರೆಂಡ್ ಮೂರನ್ನೂ ಒಂದೇ ಫಿಟ್‌ನಲ್ಲಿ ಹಾಕಿದೆ. ಒಂದು ಬಿಂದುವಿಗೆ ಸುತ್ತಲಿನ ಎಷ್ಟು ದೂರದ ಅಳತೆ ಸೇರಿಸಿಕೊಂಡೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಿಜವಾಗಿ ಕೈಹಿಡಿದದ್ದು ಆಳದ ನೀರು. 1500 ಮೀಟರ್ ಕೆಳಗೆ ಉಪ್ಪು ಅಷ್ಟು ಬೇಗ ಬದಲಾಗಲ್ಲ, ಉತ್ತರ ಅಟ್ಲಾಂಟಿಕ್ ಬಿಟ್ಟು. ಹಾಗಾಗಿ ಅಲ್ಲಿ ವ್ಯತ್ಯಾಸ ಕಂಡರೆ ತಪ್ಪು ಅಳತೆಯದ್ದೇ ಅಂತ ಅನುಮಾನಿಸಬಹುದು. ಒಂದು ಯಾನದ ಬಾಟಲಿಗಳೆಲ್ಲ ಆ ಆಳದಲ್ಲೂ ಸುಮಾರು 0.02 ಜಾಸ್ತಿ ತೋರಿಸಿದವು. ಮುಚ್ಚಳ ಸಡಿಲವಾಗಿ ನೀರು ಆವಿಯಾಗಿದ್ದಿರಬೇಕು. ಸೆನ್ಸರ್ ಬರಬರುತ್ತಾ ನಿಜಕ್ಕಿಂತ ಜಾಸ್ತಿ ಉಪ್ಪು ತೋರಿಸತೊಡಗಿದ ಫ್ಲೋಟ್‌ಗಳೂ ಇದೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವು.

ದುಡ್ಡಿನ ಕಥೆ ಬೇರೆ. ಅನುದಾನದ ಅರ್ಜಿ ವಾಪಸ್ ಬಂತು. ಒಂದು ಫ್ಲೋಟಿಗೇ 20 ಸಾವಿರ ಡಾಲರ್ ದಾಟುತ್ತೆ, ಸ್ವಂತ ಫ್ಲೋಟ್ ಬಿಡುವ ಆಸೆ ಅಲ್ಲಿಗೇ ಬಿಟ್ಟೆ. ಆರ್ಗೋ ಡೇಟಾ ಪುಕ್ಕಟೆ. ಡಿಸ್ಕು, ಕಂಪ್ಯೂಟರ್ ಬಾಡಿಗೆ ಕೈಯಿಂದ ಹೋಯಿತು.

ಕೊನೆಗೆ ಬಂದ ನಕ್ಷೆ ಕಡಲ ವಿಜ್ಞಾನಿಗಳಾದ ಡ್ಯುರಾಕ್ ಮತ್ತು ವೈಫೆಲ್ಸ್ 2010ರಲ್ಲಿ ತೋರಿಸಿದ್ದಕ್ಕೆ ಚೆನ್ನಾಗಿ ಹೊಂದಿತು. ಉಪ್ಪು ಜಾಸ್ತಿ ಇದ್ದ ಉಪೋಷ್ಣ ಅಟ್ಲಾಂಟಿಕ್ ಇನ್ನೂ ಉಪ್ಪಾಗಿದೆ, ಪಶ್ಚಿಮ ಪೆಸಿಫಿಕ್‌ನ ಬೆಚ್ಚಗಿನ ನೀರಲ್ಲಿ ಉಪ್ಪು ಇನ್ನೂ ಕಮ್ಮಿಯಾಗಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ತೇವ ಹಿಡಿಯುತ್ತೆ. ಒಣ ಕಡೆಯಿಂದ ನೀರನ್ನು (ಉಪ್ಪು ಅಲ್ಲೇ ಉಳಿಯುತ್ತೆ) ಹೊತ್ತು ಮಳೆಯ ಕಡೆ ಸುರಿಯುವುದೂ ಜಾಸ್ತಿಯಾಗುತ್ತೆ, ಅಲ್ವಾ? ನಕ್ಕವರೇ ಈಗ ಕೋಡ್ ಕೇಳುತ್ತಿದ್ದಾರೆ.

ನಡುವೆ ಮೇಲಿಂದಲೇ ಕಡಲಿನ ಉಪ್ಪು ಅಳೆಯುವ ನಾಸಾದ ಎಸ್‌ಎಂಎಪಿ ಉಪಗ್ರಹದ ಡೇಟಾ ಜೊತೆಗೂ ಹೋಲಿಸಿ ನೋಡಿದೆ. ಜೋರು ಮಳೆ ಬಿದ್ದ ಕಡೆ ಎರಡೂ ತಾಳೆಯಾಗಲೇ ಇಲ್ಲ. ಉಪಗ್ರಹ ನೋಡುವುದು ಮೇಲಿನ ಸೆಂಟಿಮೀಟರಿನಷ್ಟು ನೀರು. ಬಹಳಷ್ಟು ಫ್ಲೋಟ್‌ಗಳ ಸೆನ್ಸರಿಗೆ ನೀರೆಳೆಯುವ ಪಂಪು ಮೇಲ್ಮೈಗೆ ಸುಮಾರು 5 ಮೀಟರ್ ಇರುವಾಗಲೇ ನಿಲ್ಲುತ್ತೆ, ಕೊಳೆ ಒಳಗೆ ಹೋಗದಿರಲಿ ಅಂತ. ಗಾಳಿ ಬೀಸಿ ಕಲಕಿದ ದಿನಗಳನ್ನಷ್ಟೇ ಇಟ್ಟುಕೊಂಡಾಗ ಎರಡೂ ಹತ್ತಿರ ಬಂದವು.