ಸಿನಿಮಾಕ್ಕೂ ಸ್ಟೀರಿಯೊ ಸಂಗೀತಕ್ಕೂ ಒಂದೇ ಪ್ರೊಸೆಸರ್: ಎರಡನ್ನೂ ಹೊಂದಿಸುವ ಬಗೆ

ಹೋಮ್ ಥಿಯೇಟರ್‌ಗೆಂದು ತಂದ ಪ್ರಿಆಂಪ್ ಪ್ರೊಸೆಸರ್‌ನಲ್ಲಿ (ಬಂದ ಸಿಗ್ನಲ್ಲನ್ನು ಸ್ಪೀಕರ್‌ಗಳಿಗೆ ಹಂಚಿ ಪವರ್ ಆಂಪ್‌ಗೆ ಕಳಿಸುವ ಪೆಟ್ಟಿಗೆ) ಹಾಡು ಸಪ್ಪೆ, ಅದಕ್ಕೆ ಬೇರೆಯೇ ಸ್ಟೀರಿಯೊ ಆಂಪ್ ಬೇಕು ಎನ್ನುವವರು ಬಹಳ. ಕೆಲವು ಸಲ ಅದು ನಿಜ. ಹೆಚ್ಚಿನ ಸಲ ತಪ್ಪು ಪೆಟ್ಟಿಗೆಯದಲ್ಲ, ಸಿನಿಮಾಕ್ಕೆ ಮಾಡಿಟ್ಟ ಸೆಟ್ಟಿಂಗ್‌ನಲ್ಲೇ ಹಾಡನ್ನೂ ಹಾಕಿರುತ್ತಾರೆ. ಸೋಫಾದಲ್ಲಿ ಕೂತ ಮೂವರಿಗೂ ಹೊಂದುವಂತೆ ಮೈಕ್ ಇಟ್ಟು ತೆಗೆದ ಸದ್ದಿನ ಅಳತೆ, ಬಾಂಬ್ ಸದ್ದಿಗೆಂದು ಏರಿಸಿದ ಸಬ್‌ವೂಫರ್. ಅದರಲ್ಲೇ ವೀಣೆಯನ್ನೂ ಕೇಳಹೊರಟರೆ ಎತ್ತು ಏರಿಗೆ, ಕೋಣ ನೀರಿಗೆ. ಪ್ರೊಸೆಸರ್‌ನೊಳಗೆ ಎರಡು ಬೇರೆ ಪ್ರೊಫೈಲ್ ಮಾಡಿ, ಹಾಡಿನ ಇನ್‌ಪುಟ್ ಒತ್ತಿದೊಡನೆ ಎಲ್ಲವೂ ತಾನಾಗಿ ಬದಲಾಗುವಂತೆ ಇಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು 12 ಅಡಿ ಅಗಲ, 16 ಅಡಿ ಉದ್ದದ, ಟೈಲ್ಸ್ ನೆಲದ ಒಂದು ಹಾಲ್. 5.1 ಸ್ಪೀಕರ್‌ಗಳು: ಮುಂದೆ ಎಡ, ಬಲ, ನಡುವೆ ಸೆಂಟರ್, ಎರಡು ಸರೌಂಡ್, ಬಾಸ್‌ಗೆ (ತಗ್ಗು ಸ್ವರಗಳಿಗೆ) ಒಂದು ಸಬ್‌ವೂಫರ್. ಮುಂದಿನ ಎಡ-ಬಲಕ್ಕೆ 2 ಚಾನೆಲ್ ಪವರ್ ಆಂಪ್, ಉಳಿದ ಮೂರಕ್ಕೆ ಇನ್ನೊಂದು.

ಸಿಗ್ನಲ್ ಯಾವ ದಾರಿ ಹಿಡಿಯುತ್ತದೆ

ಅನಲಾಗ್ ಇನ್‌ಪುಟ್‌ಗೆ ಬಂದ ಸಿಗ್ನಲ್ ಸಾಮಾನ್ಯ 'ಸ್ಟೀರಿಯೊ' ಮೋಡ್‌ನಲ್ಲಿ ಮೊದಲು ಡಿಜಿಟಲ್ ಆಗುತ್ತದೆ, ಕ್ರಾಸ್‌ಓವರ್ (ಬಾಸನ್ನು ಸಬ್‌ಗೂ ಉಳಿದದ್ದನ್ನು ಸ್ಪೀಕರ್‌ಗೂ ಹಂಚುವ ಗಡಿ) ಮತ್ತು ರೂಮ್ ಕರೆಕ್ಷನ್ (ಕೋಣೆಯಿಂದಾಗುವ ಏರುಪೇರಿನ ತಿದ್ದುಪಡಿ) ದಾಟಿ ಮತ್ತೆ ಅನಲಾಗ್ ಆಗಿ ಹೊರಬರುತ್ತದೆ. 'ಡೈರೆಕ್ಟ್' ಮೋಡ್ ಈ ಸುತ್ತನ್ನು ತಪ್ಪಿಸುತ್ತದೆ. ಡೆನಾನ್, ಮರಾಂಟ್ಜ್‌ಗಳ 'ಪ್ಯೂರ್ ಡೈರೆಕ್ಟ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಡಿಸ್‌ಪ್ಲೇ, ವಿಡಿಯೊ ಸರ್ಕ್ಯೂಟ್‌ಗಳನ್ನೂ ಆರಿಸುತ್ತದೆ.

ಹಾಗಾಗಿ ಮೊದಲ ನಿಯಮ: ಡಿಜಿಟಲ್ ಆಗಿರುವುದನ್ನು ಡಿಜಿಟಲ್ ಆಗಿಯೇ ಕೊಡಿ. ಸಿಡಿ ಪ್ಲೇಯರ್, ಸ್ಟ್ರೀಮರ್‌ಗಳಿಂದ 75 ಓಮ್ ಕೊಆಕ್ಸಿಯಲ್ ಅಥವಾ ಆಪ್ಟಿಕಲ್ ಎಳೆಯಿರಿ. ದುಬಾರಿ ಡ್ಯಾಕ್ (ಡಿಜಿಟಲ್ಲನ್ನು ಅನಲಾಗ್ ಮಾಡುವ ಸಾಧನ) ಕೊಂಡು ಅದರ ಅನಲಾಗ್ ಔಟ್‌ಪುಟ್ಟನ್ನು ಪ್ರೊಸೆಸರ್‌ನ ಸ್ಟೀರಿಯೊ ಮೋಡ್‌ಗೆ ಕೊಟ್ಟರೆ ಅದು ಮತ್ತೆ ಡಿಜಿಟಲ್ ಆಗಿ, ಕೊನೆಗೆ ಪ್ರೊಸೆಸರ್‌ನ ಸ್ವಂತ ಡ್ಯಾಕ್‌ನಿಂದಲೇ ಹೊರಬರುತ್ತದೆ. ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಂಥ ಡ್ಯಾಕ್ ಇದ್ದರೆ ಡೈರೆಕ್ಟ್‌ನಲ್ಲೇ ಕೇಳಿ. ಇನ್ನೊಂದು: ಡ್ಯಾಕ್‌ಗಳ ಎಕ್ಸ್‌ಎಲ್‌ಆರ್ (ಮೂರು ಪಿನ್‌ನ) ಔಟ್‌ಪುಟ್ ಸಾಮಾನ್ಯವಾಗಿ 4 ವೋಲ್ಟ್, ಆರ್‌ಸಿಎ (ಮಾಮೂಲಿ ದುಂಡು ಸಾಕೆಟ್) 2 ವೋಲ್ಟ್. ಪ್ರೊಸೆಸರ್‌ನ ಇನ್‌ಪುಟ್ 4 ವೋಲ್ಟ್ ತಾಳದಿದ್ದರೆ ಏರುದನಿ ಬಂದಾಗಲೆಲ್ಲ ಸದ್ದು ಒಡೆಯುತ್ತದೆ. ವಾಲ್ಯೂಮ್ ತಗ್ಗಿಸಿದರೂ ಒಡಕು ಹೋಗದಿದ್ದರೆ ಅನುಮಾನವೇ ಬೇಡ, ಆರ್‌ಸಿಎಗೆ ಬದಲಿಸಿ ಅಥವಾ ಡ್ಯಾಕ್‌ನ ಔಟ್‌ಪುಟ್ ಇಳಿಸಿ.

ಡೈರೆಕ್ಟ್ ಎಂದರೆ ಶುದ್ಧ ಎಂದೇನಲ್ಲ

ಡೈರೆಕ್ಟ್ ಒತ್ತಿದರೆ ಸಾಮಾನ್ಯವಾಗಿ ಸಬ್‌ವೂಫರ್ ಸುಮ್ಮನಾಗುತ್ತದೆ, ರೂಮ್ ಕರೆಕ್ಷನ್ ಹೋಗುತ್ತದೆ. ಉಳಿಯುವುದು ಸ್ಪೀಕರ್ ಮತ್ತು ಗೋಡೆಗಳ ನಡುವಿನ ಹಗ್ಗಜಗ್ಗಾಟ. 16 ಅಡಿ ಉದ್ದದ ಕೋಣೆ ಸುಮಾರು 35 ಹರ್ಟ್ಸ್‌ನಲ್ಲಿ, ಅದರ ಎರಡರಷ್ಟಾದ 70 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಸೋಫಾ ಹಿಂದಿನ ಗೋಡೆಗೆ ಅಂಟಿದ್ದರೆ ಎರಡೂ ಅಲ್ಲೇ ಅತಿ ಜೋರು. ಬಾಸ್ ಗಿಟಾರ್‌ನ ಎ ತಂತಿಯ ನಾಲ್ಕನೇ ಫ್ರೆಟ್ 69 ಹರ್ಟ್ಸ್. ಆ ಒಂದು ಸ್ವರ ಬಂದಾಗ ಮಾತ್ರ ಹಾಲ್ ಗುಮ್ಮೆನ್ನುತ್ತದೆ, ಅಕ್ಕಪಕ್ಕದವು ತೆಳ್ಳಗೆ. ಇಂಥ ಕಡೆ ಪರಿವರ್ತನೆಯ ಒಂದು ಸುತ್ತು ಉಳಿಸಿದ್ದರ ಲಾಭಕ್ಕಿಂತ ಕರೆಕ್ಷನ್ ಕಳೆದುಕೊಂಡ ನಷ್ಟವೇ ದೊಡ್ಡದು. ಕಿವಿಗೆ ಗೊತ್ತಾಗುವಷ್ಟು ದೊಡ್ಡದು.

ಅಗಲದ ಕಥೆ ಉಲ್ಟಾ. 12 ಅಡಿಗೆ 47 ಹರ್ಟ್ಸ್, ಕೋಣೆಯ ನಟ್ಟನಡುವೆ ಕೂತವರಿಗೆ ಅದು ಕೇಳಿಸುವುದೇ ಇಲ್ಲ. ಅಲ್ಲಿನ ತಗ್ಗನ್ನು ಈಕ್ವಲೈಸರ್‌ನಿಂದ ತುಂಬಲು ಹೋಗಬೇಡಿ, ಆಂಪ್‌ನ ಶಕ್ತಿ ತಿನ್ನುತ್ತದೆಯೇ ಹೊರತು ತಗ್ಗು ತುಂಬದು. ಮೊದಲು ಸೋಫಾವನ್ನು ಹಿಂಗೋಡೆಯಿಂದ ಕನಿಷ್ಠ ಎರಡಡಿ ಮುಂದೆ ಎಳೆಯಿರಿ. ಅಡ್ಡಕ್ಕೂ ಒಂದಡಿ ಸರಿಸಿ ನೋಡಬಹುದು, ಆದರೆ ಎರಡೂ ಸ್ಪೀಕರ್‌ಗಳನ್ನೂ ಅಷ್ಟೇ ಸರಿಸಬೇಕು. ಇದಕ್ಕೆ ಖರ್ಚಿಲ್ಲ.

ಎರಡು ಪ್ರೊಫೈಲ್

ಆ್ಯಂಥೆಮ್ ಕಂಪನಿಯ ಪ್ರೊಸೆಸರ್‌ಗಳಲ್ಲಿ ಪ್ರತಿ ಇನ್‌ಪುಟ್‌ಗೂ ಬೇರೆ ಸ್ಪೀಕರ್ ಪ್ರೊಫೈಲ್ ಕೊಡಬಹುದು. ಮರಾಂಟ್ಜ್ ಸಿನಿಮಾ ಸಾಲಿನ ಕೆಲವು ಮಾದರಿಗಳಲ್ಲಿ, ಡೆನಾನ್ ಎಕ್ಸ್3800ಎಚ್‌ನಲ್ಲಿ ಎರಡು ಸ್ಪೀಕರ್ ಪ್ರಿಸೆಟ್ ಇವೆ. ಹಳೆಯ ಡೆನಾನ್, ಮರಾಂಟ್ಜ್ ಆದರೆ ಸ್ಪೀಕರ್ ಮೆನುವಿನ ಮ್ಯಾನುಯಲ್ ಸೆಟಪ್‌ನಲ್ಲಿ '2 ಚಾನೆಲ್ ಪ್ಲೇಬ್ಯಾಕ್' ಹುಡುಕಿ. ಸ್ಟೀರಿಯೊಗೆ ಮಾತ್ರ ಬೇರೆ ಕ್ರಾಸ್‌ಓವರ್, ದೂರ, ಮಟ್ಟ ಅಲ್ಲಿ ಕೊಡಬಹುದು.

ಸಿನಿಮಾ ಪ್ರೊಫೈಲ್ ಬೇಗ ಮುಗಿಯುತ್ತದೆ: ಎಲ್ಲ ಸ್ಪೀಕರ್ 'ಸ್ಮಾಲ್' (ಅಂದರೆ ಬಾಸ್ ಸಬ್‌ಗೆ ಹೋಗಲಿ), ಕ್ರಾಸ್‌ಓವರ್ 80 ಹರ್ಟ್ಸ್, ಎಲ್‌ಎಫ್‌ಇ (ಸಿನಿಮಾದ ಪ್ರತ್ಯೇಕ ಬಾಸ್ ಚಾನೆಲ್) ಮಿತಿ 120 ಹರ್ಟ್ಸ್, ಸೋಫಾದ ಉದ್ದಕ್ಕೂ 6ರಿಂದ 8 ಕಡೆ ಮೈಕ್ ಇಟ್ಟು ಅಳತೆ. ಸ್ಪೀಕರ್ ದೊಡ್ಡದೆಂದು ಪ್ರೊಸೆಸರ್ ತಾನೇ 'ಲಾರ್ಜ್' ಎಂದಿಟ್ಟರೆ ಕೈಯಿಂದ ಬದಲಿಸಿ. 'ಎಲ್‌ಎಫ್‌ಇ + ಮೇನ್' ಬೇಡ, ಒಂದೇ ಬಾಸ್ ಸ್ಪೀಕರ್‌ನಿಂದಲೂ ಸಬ್‌ನಿಂದಲೂ ಬಂದು ಕಲಸುಮೇಲೋಗರವಾಗುತ್ತದೆ.

ಸಂಗೀತದ ಪ್ರೊಫೈಲ್‌ಗೆ ಸಮಯ ಕೊಡಿ.

1. ಮುಂದಿನ ಎರಡು ಸ್ಪೀಕರ್ ಮತ್ತು ಸಬ್ ಮಾತ್ರ ಇರಲಿ; ಸೆಂಟರ್, ಸರೌಂಡ್ 'ಇಲ್ಲ' ಎಂದು ಕೊಡಿ.
2. ಅಳತೆಯನ್ನು ಹೊಸದಾಗಿ ತೆಗೆಯಿರಿ. ಈ ಸಲ ಮೈಕ್ ಇರಬೇಕಾದ್ದು ನೀವು ಕೂರುವ ಒಂದೇ ಜಾಗದ ಸುತ್ತ, ತಲೆಯಿಂದ ಒಂದಡಿಯೊಳಗೆ. ಮೈಕ್ ಟ್ರೈಪಾಡ್ ಮೇಲಿರಲಿ, ಕಿವಿಯ ಎತ್ತರಕ್ಕೆ. ಕೈಯಲ್ಲಿ ಹಿಡಿಯಬೇಡಿ, ಸೋಫಾದ ಒರಗುವ ಬೆನ್ನಿಗೆ ತಾಗಿಸಬೇಡಿ. ಫ್ಯಾನ್, ಎಸಿ ಆರಿಸಿ. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿದ್ದರೆ ಸೀಟಿ ಮುಗಿಯುವ ತನಕ ಕಾಯಿರಿ.
3. ಕರೆಕ್ಷನ್ ಅನ್ನು ಸುಮಾರು 300 ಹರ್ಟ್ಸ್‌ಗೆ ನಿಲ್ಲಿಸಿ. ಅದಕ್ಕಿಂತ ಕೆಳಗೆ ಕೋಣೆಯ ಆಟ, ಮೇಲೆ ಹೆಚ್ಚಾಗಿ ಸ್ಪೀಕರ್‌ನ ಗುಣ. ಒಳ್ಳೆಯ ಸ್ಪೀಕರ್‌ನ ಮೇಲುಭಾಗವನ್ನು ತಿದ್ದಿದಾಗಲೇ ಆ 'ಸಪ್ಪೆ'ತನ ಬರುವುದು. ರೂಮ್ ಕರೆಕ್ಷನ್ ತಂತ್ರಾಂಶಗಳಲ್ಲಿ ಡಿರಾಕ್‌ಗೆ ಇದಕ್ಕೆ ಎಳೆಯುವ ಪರದೆಯಿದೆ, ಆ್ಯಂಥೆಮ್‌ನ ಎಆರ್‌ಸಿಯಲ್ಲಿ ಗರಿಷ್ಠ ಆವರ್ತನದ ಆಯ್ಕೆ, ಆಡಿಸಿಗೆ ಮಲ್ಟ್‌ಇಕ್ಯು ಎಡಿಟರ್ ಆ್ಯಪ್.
4. ಜೋರು-ಮೆಲುದನಿಗಳ ಅಂತರ ಕುಗ್ಗಿಸುವ ಆಡಿಸಿಯ ಡೈನಾಮಿಕ್ ವಾಲ್ಯೂಮ್ ಆಫ್ ಮಾಡಿ. ಡೈನಾಮಿಕ್ ಇಕ್ಯು ಕಡಿಮೆ ಸದ್ದಿನಲ್ಲಿ ಬಾಸ್ ಏರಿಸುತ್ತದೆ. ಹಾಡಿಗೆ ಅದೂ ಬೇಡ, ಬೇಕೇ ಬೇಕೆಂದರೆ ಆಫ್‌ಸೆಟ್ (ಆ ಏರಿಕೆಯನ್ನು ತಗ್ಗಿಸುವ ಅಂಕಿ) 10 ಅಥವಾ 15 ಡೆಸಿಬೆಲ್ ಕೊಡಿ.

ಸ್ಪೀಕರ್ ನೆಲದ ಮೇಲೆ ನಿಲ್ಲುವ ಎತ್ತರದ ಮಾದರಿಯಾದರೆ ಇಲ್ಲಿ ಕ್ರಾಸ್‌ಓವರ್ 60ಕ್ಕೆ ಇಳಿಸಿ ನೋಡಿ. ಸಬ್‌ನ ಮಟ್ಟ ಸಿನಿಮಾಕ್ಕಿಂತ 2-3 ಡೆಸಿಬೆಲ್ ತಗ್ಗಲಿ. ಸಬ್ ಎಲ್ಲಿದೆ ಎಂದು ಕಣ್ಣುಮುಚ್ಚಿ ತೋರಿಸಲು ಆಗುತ್ತಿದ್ದರೆ ಅದು ಇನ್ನೂ ಜೋರು.

ಆಮೇಲೆ ಹಾಡಿಗೇ ಒಂದು ಇನ್‌ಪುಟ್ ಮೀಸಲಿಡಿ. ಟಿವಿ ನೋಡಿದ ಇನ್‌ಪುಟ್‌ನಲ್ಲೇ ಹಾಡು ಹಾಕಿದರೆ ಹಿಂದಿನ ದಿನದ 'ಡಾಲ್ಬಿ ಸರೌಂಡ್' ಮೋಡ್ ನೆನಪಿಟ್ಟುಕೊಂಡು ಗಾಯಕಿಯ ದನಿ ಸೆಂಟರ್‌ನಿಂದ ಬರುತ್ತದೆ. ಮೀಸಲು ಇನ್‌ಪುಟ್‌ಗೆ 'ಸ್ಟೀರಿಯೊ' ಎಂದು ಕಟ್ಟಿಬಿಡಿ. ಆ್ಯಪಲ್ ಟಿವಿ 4ಕೆಯಂಥ ಪೆಟ್ಟಿಗೆಯಿಂದ ಎಚ್‌ಡಿಎಂಐ ಮೂಲಕ ಕೇಳಿದರೆ ಸಿಡಿ ದರದ 44.1 ಕಿಲೋಹರ್ಟ್ಸ್ ಹಾಡೂ 48ಕ್ಕೆ ಬದಲಾಗಿ ಬರುತ್ತದೆ. ದೊಡ್ಡ ವಿಷಯವಲ್ಲ, ಆದರೂ ಪ್ರೊಸೆಸರ್‌ನ ಸ್ವಂತ ನೆಟ್‌ವರ್ಕ್ ಪ್ಲೇಯರ್ ಇದ್ದರೆ ಅದೇ ಮೇಲು.

ಹೋಲಿಸುವ ಮುನ್ನ ಮಲ್ಟಿಮೀಟರ್

ಡೈರೆಕ್ಟ್ ಚೆನ್ನವೋ, ತಿದ್ದಿದ ಸ್ಟೀರಿಯೊ ಚೆನ್ನವೋ ಎಂಬ ತೀರ್ಪಿಗೆ ಮೊದಲು ಎರಡರ ಸದ್ದೂ ಸಮವಿರಬೇಕು, ಇಲ್ಲದಿದ್ದರೆ ಜೋರಿನದೇ ಗೆಲ್ಲುತ್ತದೆ. 1000 ಹರ್ಟ್ಸ್‌ನ ಟೋನ್ ನುಡಿಸಿ. ಮಲ್ಟಿಮೀಟರನ್ನು ಎಸಿ ವೋಲ್ಟೇಜ್‌ಗೆ ಇಟ್ಟು ಎಡ ಸ್ಪೀಕರ್‌ನ ಎರಡು ಟರ್ಮಿನಲ್‌ಗೆ ಕಡ್ಡಿ ತಾಗಿಸಿ, ಒಂದಕ್ಕೊಂದು ಮುಟ್ಟದಂತೆ ಜೋಕೆ, ಆಂಪ್ ಸುಟ್ಟೀತು. ವಾಲ್ಯೂಮ್ ನಿಧಾನ ಏರಿಸಿ 1 ವೋಲ್ಟ್‌ಗೆ ತನ್ನಿ. ಮೋಡ್ ಬದಲಿಸಿ ಮತ್ತೆ ಓದಿ. 1.12 ತೋರಿಸಿದರೆ ವ್ಯತ್ಯಾಸ 1 ಡೆಸಿಬೆಲ್, 1.06 ಆದರೆ ಅರ್ಧ. ವಾಲ್ಯೂಮ್ ಅಷ್ಟು ಇಳಿಸಿ, ಆ ಅಂಕಿ ಬರೆದಿಟ್ಟುಕೊಂಡು ಕೇಳಿ. ಅಗ್ಗದ ಮೀಟರ್ 1000 ಹರ್ಟ್ಸ್‌ನಲ್ಲಿ ಕಡಿಮೆ ತೋರಿಸಬಹುದು, ಅಡ್ಡಿಯಿಲ್ಲ. ನಮಗೆ ಬೇಕಿರುವುದು ಎರಡರ ನಡುವಿನ ಅನುಪಾತ.

ಬೇರೆ ಆಂಪ್ ಯಾವಾಗ

ರೆಕಾರ್ಡ್ ಪ್ಲೇಯರ್ ಮುಖ್ಯ, ಅಥವಾ ಹಾಡಿಗಾಗಿ ಪ್ರತಿ ಸಲ ಪ್ರೊಸೆಸರ್, ಟಿವಿ ಎಲ್ಲ ಏಳುವುದೇ ಕಿರಿಕಿರಿ ಎಂದಾದರೆ 'ಎಚ್‌ಟಿ ಬೈಪಾಸ್' (ಹೋಮ್ ಥಿಯೇಟರ್ ಸಿಗ್ನಲ್ಲನ್ನು ವಾಲ್ಯೂಮ್ ದಾಟಿಸಿ ಕಳಿಸುವ ಇನ್‌ಪುಟ್) ಇರುವ ಇಂಟಿಗ್ರೇಟೆಡ್ ಆಂಪ್ (ಪ್ರಿಆಂಪ್, ಪವರ್ ಆಂಪ್ ಒಂದೇ ಪೆಟ್ಟಿಗೆಯಲ್ಲಿರುವುದು) ಸರಿ. ಪ್ರೊಸೆಸರ್‌ನ ಮುಂದಿನ ಎಡ-ಬಲ ಪ್ರಿಔಟ್‌ಗಳನ್ನು (ಪವರ್ ಆಂಪ್‌ಗೆ ಹೋಗುವ ಔಟ್‌ಪುಟ್) ಅದರ ಬೈಪಾಸ್ ಇನ್‌ಪುಟ್‌ಗೆ ಕೊಡಿ. ಸಿನಿಮಾ ಅಳತೆಯನ್ನು ಬೈಪಾಸ್ ಹಾಕಿಕೊಂಡೇ ಮತ್ತೆ ತೆಗೆಯಿರಿ. ಬೈಪಾಸ್‌ನಲ್ಲಿ ಆಂಪ್‌ನ ವಾಲ್ಯೂಮ್ ಕೆಲಸ ಮಾಡುವುದಿಲ್ಲ. ಅಲ್ಲಿಗೆ ಮರೆತು ಸಿಡಿ ಪ್ಲೇಯರ್ ಚುಚ್ಚಿದರೆ ಪೂರ್ತಿ ಸದ್ದು ಒಮ್ಮೆಗೇ ಹೊರಟು ಟ್ವೀಟರ್ ಸುಡಬಹುದು. ಆ ಸಾಕೆಟ್ ಮೇಲೊಂದು ಚೀಟಿ ಅಂಟಿಸಿ. ಈ ಜೋಡಣೆಯಲ್ಲಿ ಹಾಡಿಗೆ ಸಬ್ ಸಿಗದು. ಸ್ಪೀಕರ್ ತಂತಿಯ ಹೈ ಲೆವೆಲ್ ಮತ್ತು ಎಲ್‌ಎಫ್‌ಇ ಎರಡೂ ಇನ್‌ಪುಟ್ ಒಟ್ಟಿಗೆ ಕೆಲಸ ಮಾಡುವ ಸಬ್ ಆದರೆ ಮಾತ್ರ ಸಿಗುತ್ತದೆ.

ಗುಂಯ್ ಸದ್ದು

ಪೆಟ್ಟಿಗೆ ಹೆಚ್ಚಾದಂತೆ 50 ಹರ್ಟ್ಸ್‌ನ ಗುಂಯ್ ಬರುತ್ತದೆ, ಹಾಡಿನ ಮೌನದಲ್ಲಿ ಅದೇ ಎದ್ದು ಕೇಳುವುದು. ಪ್ರೊಸೆಸರ್‌ನ ಎಲ್ಲ ಇನ್‌ಪುಟ್ ಕೇಬಲ್ ಕಿತ್ತು ಕೇಳಿ. ಆಗಲೂ ಇದ್ದರೆ ಗೋಳು ಪ್ರೊಸೆಸರ್‌ಗೂ ಪವರ್ ಆಂಪ್‌ಗೂ ನಡುವೆ. ಎರಡನ್ನೂ ಒಂದೇ ಬೋರ್ಡ್‌ಗೆ ಹಾಕಿ, ಎಕ್ಸ್‌ಎಲ್‌ಆರ್ ಇದ್ದರೆ ಅದನ್ನೇ ಬಳಸಿ. ಹೋಯಿತೆಂದರೆ ಒಂದೊಂದೇ ಕೇಬಲ್ ಮರಳಿ ಹಾಕಿ. ಬಹಳ ಸಲ ಕಳ್ಳ ಸಿಗುವುದು ಸೆಟ್ ಟಾಪ್ ಬಾಕ್ಸ್‌ಗೆ ಬರುವ ಡಿಶ್ ಅಥವಾ ಕೇಬಲ್‌ನವರ ತಂತಿಯಲ್ಲಿ: ಅದನ್ನು ತಿರುಗಿಸಿ ಬಿಚ್ಚಿದ ಕ್ಷಣ ಸದ್ದು ನಿಲ್ಲುತ್ತದೆ. ಕೇಬಲ್ ಟಿವಿ ತಂತಿಯಾದರೆ ಕೊಆಕ್ಸಿಯಲ್ ಗ್ರೌಂಡ್ ಐಸೊಲೇಟರ್ ಸಾಕು. ಡಿಶ್ ಆದರೆ ಆ ತಂತಿಯಲ್ಲೇ ಮೇಲಿನ ಎಲ್‌ಎನ್‌ಬಿಗೆ (ಡಿಶ್‌ನ ಸಿಗ್ನಲ್ ಹಿಡಿಯುವ ತಲೆ) ವಿದ್ಯುತ್ ಹೋಗಬೇಕು, ಸಾಮಾನ್ಯ ಐಸೊಲೇಟರ್ ಅದನ್ನು ತಡೆದು ಚಾನೆಲ್‌ಗಳೇ ಹೋಗುತ್ತವೆ. ಸೆಟ್ ಟಾಪ್ ಬಾಕ್ಸನ್ನು ಟಿವಿಗೆ ಕೊಟ್ಟು, ಟಿವಿಯಿಂದ ಪ್ರೊಸೆಸರ್‌ಗೆ ಆಪ್ಟಿಕಲ್ ಎಳೆಯಿರಿ, ಟಿವಿಗೂ ಪ್ರೊಸೆಸರ್‌ಗೂ ನಡುವೆ ಬೇರೆ ಎಚ್‌ಡಿಎಂಐ ತಂತಿ ಇಲ್ಲದಿದ್ದರೆ ಇದೇ ಸುಲಭದ ಮದ್ದು. ಮೂರು ಪಿನ್‌ನ ಪ್ಲಗ್‌ನಿಂದ ಅರ್ಥ್ ಪಿನ್ ಕಿತ್ತು ಗುಂಯ್ ನಿಲ್ಲಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಸದ್ದು ನಿಲ್ಲುವುದೇನೋ ಹೌದು. ಆದರೆ ಒಳಗೆ ತಂತಿ ಬಿಟ್ಟ ದಿನ ಆಂಪ್‌ನ ಮೈಯೇ 230 ವೋಲ್ಟ್ ಆಗಿರುತ್ತದೆ.