ಅಂಬಾಸಿಡರ್ ಹೆಡ್ ಇಳಿಸಿ ಕಟ್ಟುವುದು ಹೇಗೆ?

ಶೆಡ್‌ನಲ್ಲಿ ಹಳೇ ಅಂಬಾಸಿಡರ್ ಇದೆ. ಸ್ಟಾರ್ಟ್ ಆಗುತ್ತದೆ, ಆದರೆ ಏರು ಬಂದರೆ ಎಳೆಯಲ್ಲ. ರೇಡಿಯೇಟರ್‌ಗೆ ವಾರಕ್ಕೊಮ್ಮೆ ನೀರು ಹಾಕಬೇಕು. ‘ಇಂಜಿನ್ ಹೋಯ್ತು, ಬೇರೆ ಕೂರಿಸಿ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ದಯವಿಟ್ಟು ಅವಸರ ಬೇಡ. ಎಷ್ಟೋ ಸಲ ಕೆಟ್ಟಿರುವುದು ಹೆಡ್ ಮಾತ್ರ, ಅಂದರೆ ಸಿಲಿಂಡರ್‌ಗಳ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ.

ಇಲ್ಲಿ ಹೇಳುತ್ತಿರುವುದು 1489 ಸಿ.ಸಿ. ಪೆಟ್ರೋಲ್ ಇಂಜಿನ್ ಬಗ್ಗೆ. ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ಇಂಜಿನ್ ಇದು. ಹೆಡ್ ಬೀಡು ಕಬ್ಬಿಣದ್ದು. ಇಂಜಿನಿಯರ್ ಹ್ಯಾರಿ ವೆಸ್ಲೇಕ್ ರೂಪಿಸಿದ, ಪೆಟ್ರೋಲ್ ಉರಿಯುವ ಹೃದಯದಾಕಾರದ ಚೇಂಬರ್‌ಗಳು ಇರುವುದು ಈ ಹೆಡ್‌ನಲ್ಲೇ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಳಿಸುವ ಮುಂಚೆ

ಮೊದಲು ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರ್‌ನಲ್ಲಿ ಏಳುವ ಒತ್ತಡ, ಗೇಜ್ ಹಾಕಿ ನೋಡಿ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಮಾತ್ರ ಕಡಿಮೆ ಬಂದರೆ ಅವುಗಳ ನಡುವೆ ಗ್ಯಾಸ್ಕೆಟ್ (ಹೆಡ್ ಕೆಳಗೆ ಸೋರದಂತೆ ಹಾಕುವ ಹಾಳೆ) ಸುಟ್ಟಿರುವ ಸಾಧ್ಯತೆ ಜಾಸ್ತಿ. ಒಂದರಲ್ಲೇ ಕಡಿಮೆ ಇದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ತೊಂದರೆ ಪಿಸ್ಟನ್ ರಿಂಗ್‌ನದು. ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ರಿಂಗ್ ಹೋಗಿದ್ದರೆ ಬರೀ ಹೆಡ್ ಕೆಲಸದಿಂದ ಪ್ರಯೋಜನವಿಲ್ಲ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿ ಬಿಚ್ಚಿ, ನೀರು ಖಾಲಿ ಮಾಡಿ. ಕಾರ್ಬುರೇಟರ್, ಮ್ಯಾನಿಫೋಲ್ಡ್, ಹೋಸ್‌ಗಳನ್ನು ತೆಗೆಯಿರಿ. ಈಗ ಹುಷಾರು. ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳು ಕೂತಿರುವ ರಾಕರ್ ಶಾಫ್ಟ್ ಹಿಡಿದಿರುವ ನಟ್‌ಗಳಲ್ಲಿ ನಾಲ್ಕು ಹೆಡ್ ಅನ್ನೂ ಹಿಡಿದಿರುತ್ತವೆ. ಅವನ್ನಷ್ಟೇ ಬಿಚ್ಚಿದರೆ ಹೆಡ್ ಒಂದೇ ಕಡೆ ಬಿಗಿಯಾಗಿ ಉಳಿದು ಡೊಂಕಾಗಬಹುದು. ಹೆಡ್‌ನ ಎಲ್ಲ ನಟ್‌ಗಳನ್ನೂ ಸ್ವಲ್ಪ ಸ್ವಲ್ಪವೇ, ಸರದಿಯಲ್ಲಿ ಸಡಿಲಿಸಿ.

ರಾಕರ್‌ಗಳನ್ನು ಕೆಳಗಿನಿಂದ ತಳ್ಳುವ ಪುಶ್‌ರಾಡ್‌ಗಳನ್ನು ಸೀದಾ ಎಳೆಯಬೇಡಿ. ಮೊದಲು ಅಲ್ಲೇ ತಿರುಗಿಸಿ. ಇಲ್ಲದಿದ್ದರೆ ಕೆಳಗಿನ ಟ್ಯಾಪೆಟ್ ಎಣ್ಣೆಗೆ ಅಂಟಿಕೊಂಡು ಜೊತೆಗೇ ಎದ್ದು ಬರುತ್ತದೆ. ಒಂದು ರಟ್ಟಿಗೆ ಎಂಟು ತೂತು ಮಾಡಿ, ನಂಬರ್ ಬರೆದು, ಬಂದ ಸರದಿಯಲ್ಲೇ ಸಿಕ್ಕಿಸಿ. ವಾಲ್ವ್‌ಗಳಿಗೆ ಇನ್ನೊಂದು ರಟ್ಟು. ವರ್ಷಗಟ್ಟಲೆ ಜೊತೆಯಾಗಿ ಸವೆದ ಭಾಗಗಳು ತಮ್ಮ ಜಾಗಕ್ಕೇ ವಾಪಸ್ ಹೋಗಬೇಕು.

ಹೆಡ್ ಏಳದಿದ್ದರೆ ಮರದ ಸುತ್ತಿಗೆಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಗ್ಯಾಸ್ಕೆಟ್ ಸಂದಿಗೆ ಸ್ಕ್ರೂಡ್ರೈವರ್ ತುರುಕಬೇಡಿ, ಒಂದು ಗೀರು ಬಿದ್ದರೂ ನೀರು ಸೋರಬಹುದು. ಹಳೇ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಸ್ ಇರಬಹುದು. ಒದ್ದೆ ಮಾಡಿಯೇ ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ.

ತೊಳೆಯುವ ಮುಂಚೆ ನೋಡಿ

ಹೆಡ್ ತಿರುಗಿಸಿಟ್ಟು ಹತ್ತು ನಿಮಿಷ ಸುಮ್ನೆ ನೋಡಿ. ಮೂರು ಚೇಂಬರ್ ಕಪ್ಪಗಿದ್ದು ಒಂದು ಮಾತ್ರ ತೊಳೆದ ಹಾಗೆ ಸ್ವಚ್ಛವಾಗಿದ್ದರೆ, ಅಲ್ಲಿಗೆ ನೀರು ನುಗ್ಗುತ್ತಿದೆ ಎಂದು ಅನುಮಾನಿಸಬೇಕು. ನಾಲ್ಕನೇ ಮತ್ತು ಐದನೇ ವಾಲ್ವ್ ಎರಡೂ ಎಕ್ಸಾಸ್ಟ್, ಅಂದರೆ ಹೊಗೆ ಹೊರಗೆ ಬಿಡುವಂಥವು. ಎರಡಕ್ಕೂ ಇರುವುದು ಒಂದೇ ಪೋರ್ಟ್ (ಹೊಗೆಯ ದಾರಿ), ಹಾಗಾಗಿ ಆ ಜಾಗ ತುಂಬಾ ಕಾಯುತ್ತದೆ. ಅಲ್ಲಿ ಬಿರುಕು ಇದೆಯಾ ಎಂದು ಟಾರ್ಚ್ ಹಿಡಿದು ಹುಡುಕಿ. ಅನುಮಾನ ಬಂದರೆ ಪ್ರೆಷರ್ ಟೆಸ್ಟ್ ಮಾಡಿಸಿ, ಆಮೇಲೆ ಮಿಕ್ಕ ಖರ್ಚು.

ಹೆಡ್ ಶುದ್ಧ ಮಾಡಿದ ಮೇಲೆ ಉಕ್ಕಿನ ನೇರ ಪಟ್ಟಿಯನ್ನು ಉದ್ದಕ್ಕೂ, ಅಡ್ಡಕ್ಕೂ, ಮೂಲೆಯಿಂದ ಮೂಲೆಗೂ ಇಡಿ. 0.05 ಮಿ.ಮೀ. ಫೀಲರ್ ಗೇಜ್ ತೂರಿದರೆ ಹೆಡ್ ಫೇಸಿಂಗ್ ಮಾಡಿಸಬೇಕು, ಅಂದರೆ ಮೆಷಿನ್‌ನಲ್ಲಿ ತಳ ಹೆರೆಸಿ ಮಟ್ಟ ಮಾಡಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆ ಕಡೆಯಲ್ಲಾದರೆ ಸ್ಪೇರ್ ಪಾರ್ಟ್ಸ್ ಹುಡುಕುವ ಜೊತೆಗೇ ಈ ಕೆಲಸವನ್ನೂ ವಿಚಾರಿಸಬಹುದು.

ಆದರೆ ಎಷ್ಟು ತೆಗೆಯಬೇಕು ಎಂದು ನೀವೇ ಹೇಳಿ. ನಾನು ಮೊದಲ ಸಲ ‘ಚೆನ್ನಾಗಿ ಮಾಡಿಕೊಡಿ’ ಎಂದಷ್ಟೇ ಹೇಳಿ ಬಂದಿದ್ದೆ. ಹೆಡ್ ಕನ್ನಡಿಯ ಹಾಗೆ ಹೊಳೆಯುತ್ತಾ ವಾಪಸ್ ಬಂತು. ಕಾರು ಮಾತ್ರ ಪ್ರತಿ ಏರಿನಲ್ಲೂ ಟಕಟಕ ಎಂದು ನಾಕ್ ಹೊಡೆಯತೊಡಗಿತು. ಚೇಂಬರ್ ಇರುವುದೇ ಹೆಡ್‌ನಲ್ಲಿ ಅಲ್ವಾ? ಹೆಡ್ ತೆಳುವಾದಷ್ಟೂ ಚೇಂಬರ್ ಚಿಕ್ಕದಾಗುತ್ತದೆ, ಕಂಪ್ರೆಷನ್ ಏರುತ್ತದೆ. ಅಂಕುಡೊಂಕು ಹೋಗುವಷ್ಟು ಸಾಕು. ತೆಗೆದ ಕಬ್ಬಿಣ ಮತ್ತೆ ಬರಲ್ಲ.

ವಾಲ್ವ್ ಮತ್ತು ಸೀಟ್

ವಾಲ್ವ್ ಅನ್ನು ಸ್ವಲ್ಪ ಮೇಲೆತ್ತಿ ಅಲ್ಲಾಡಿಸಿ. ಜಾಸ್ತಿ ಆಡಿದರೆ ಗೈಡ್, ಅಂದರೆ ವಾಲ್ವ್‌ನ ಕಡ್ಡಿ ಜಾರುವ ಕೊಳವೆ, ಸವೆದಿದೆ. ಹಳೇ ಗೈಡ್ ತೆಗೆಯುವ ಮುಂಚೆ ಅದು ಎಷ್ಟು ಎತ್ತರಕ್ಕೆ ಚಾಚಿಕೊಂಡಿದೆ ಎಂದು ಅಳೆದು ಬರೆದಿಡಿ. ಹೊಸ ಗೈಡ್ ಹಾಕಿದ ಮೇಲೆಯೇ ಸೀಟ್ (ವಾಲ್ವ್ ಮುಚ್ಚಿದಾಗ ಕೂರುವ ಅಂಚು) ಕಟಿಂಗ್ ಮಾಡಿಸಬೇಕು, ಯಾಕೆಂದರೆ ಸೀಟ್‌ಗೆ ನಡುಬಿಂದು ಗೈಡ್‌ನಿಂದಲೇ ಸಿಗುವುದು.

2000ನೇ ಇಸವಿಯಿಂದ ನಮ್ಮ ದೇಶದಲ್ಲಿ ಸೀಸ ಇಲ್ಲದ ಪೆಟ್ರೋಲ್ ಮಾತ್ರ. ಈ ಹೆಡ್‌ನಲ್ಲಿ ಸೀಟ್ ಅಂದರೆ ಹೆಡ್‌ನ ಕಬ್ಬಿಣವೇ. ಹಿಂದೆ ಸೀಸದ ಲೇಪ ಅದನ್ನು ಕಾಯುತ್ತಿತ್ತು. ಈಗ ಎಕ್ಸಾಸ್ಟ್ ವಾಲ್ವ್ ನಿಧಾನವಾಗಿ ಸೀಟ್ ಒಳಗೆ ಇಳಿಯುತ್ತದೆ. ಟ್ಯಾಪೆಟ್ ಗ್ಯಾಪ್ (ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು) ಪದೇ ಪದೇ ಕಡಿಮೆಯಾಗುವುದೇ ಅದರ ಗುರುತು. ದೂರದ ಓಡಾಟ ಇದ್ದರೆ ನಾಲ್ಕು ಎಕ್ಸಾಸ್ಟ್ ಸೀಟ್‌ಗಳಿಗೆ ಗಟ್ಟಿ ಉಕ್ಕಿನ ರಿಂಗ್ ಹಾಕಿಸಿ. ಹಣ ಖರ್ಚು ಮಾಡಲು ಇದಕ್ಕಿಂತ ಒಳ್ಳೆ ಜಾಗ ಈ ಹೆಡ್‌ನಲ್ಲಿಲ್ಲ.

ಇನ್ನು ಲ್ಯಾಪಿಂಗ್, ಅಂದರೆ ವಾಲ್ವ್ ಮತ್ತು ಸೀಟ್ ಒಂದಕ್ಕೊಂದು ಸರಿಯಾಗಿ ಕೂರುವಂತೆ ಉಜ್ಜುವುದು. ಸೀಟ್ ಮೇಲೆ ಉಜ್ಜುವ ಪೇಸ್ಟ್ ಸವರಿ, ರಬ್ಬರ್ ಕಪ್ ಇರುವ ಕೋಲನ್ನು ವಾಲ್ವ್‌ಗೆ ಅಂಟಿಸಿ, ಮಜ್ಜಿಗೆ ಕಡೆಯುವ ಹಾಗೆ ಎರಡೂ ಕಡೆ ತಿರುಗಿಸಿ. ಆಗಾಗ ಎತ್ತಿ, ಜಾಗ ಬದಲಿಸಿ ಕೂರಿಸಿ. ಸುತ್ತಲೂ ಒಂದೇ ಸಮನಾದ ಬೂದು ಬಣ್ಣದ ಉಂಗುರ ಕಂಡರೆ ನಿಲ್ಲಿಸಿ. ಪೇಸ್ಟ್ ಚೂರೂ ಉಳಿಯದಂತೆ ತೊಳೆಯಿರಿ. ಸ್ಪ್ರಿಂಗ್ ಹಾಕಿದ ಮೇಲೆ ಪೋರ್ಟ್‌ಗೆ ಸೀಮೆಎಣ್ಣೆ ಸುರಿದು ಸ್ವಲ್ಪ ಹೊತ್ತು ಕಾಯಿರಿ. ಚೇಂಬರ್ ಕಡೆ ಹನಿ ಕಂಡರೆ ಆ ವಾಲ್ವ್‌ಗೆ ಮತ್ತೆ ಲ್ಯಾಪಿಂಗ್ ಮಾಡಬೇಕು.

ಮತ್ತೆ ಕೂರಿಸುವಾಗ

ಹೊಸ ಗ್ಯಾಸ್ಕೆಟ್ ಮೇಲೆ ಯಾವ ಕಡೆ ಮೇಲೆ, ಯಾವ ಕಡೆ ಮುಂದೆ ಎಂಬ ಗುರುತು ಇದ್ದರೆ ಹಾಗೇ ಇಡಿ. ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಯಿರಿ.

ಟ್ಯಾಪೆಟ್ ಗ್ಯಾಪ್ ಸೆಟ್ ಮಾಡಲು ‘ಒಂಬತ್ತರ ಲೆಕ್ಕ’ ಸುಲಭ. ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಸೆಟ್ ಮಾಡಿ, ಏಳು ತೆರೆದಾಗ ಎರಡು. ಹೀಗೆ ಎರಡೂ ಸೇರಿ ಒಂಬತ್ತಾಗಬೇಕು. ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲಿ 15 ಭಾಗ), ಅಂದರೆ ಸುಮಾರು 0.38 ಮಿ.ಮೀ.

ಸ್ಟಾರ್ಟ್ ಮಾಡಿ, ಇಂಜಿನ್ ಕಾಯುವ ತನಕ ಓಡಿಸಿ. ರಾತ್ರಿ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಅದೇ ಸರದಿಯಲ್ಲಿ ಹೆಡ್ ನಟ್‌ಗಳ ಟಾರ್ಕ್ ಇನ್ನೊಮ್ಮೆ ನೋಡಿ. ಒಂದು ನಟ್ ಸ್ವಲ್ಪ ತಿರುಗಿದರೂ ಗ್ಯಾಪ್ ಬದಲಾಗಿರುತ್ತದೆ. ಆಗ ಎಂಟೂ ಟ್ಯಾಪೆಟ್ ಮತ್ತೆ ಸೆಟ್ ಮಾಡಿ, ಆಮೇಲೆ ರಾಕರ್ ಕವರ್ ಮುಚ್ಚಿ.